ಮೊದಲು ಉಪ್ಪು, ಆಮೇಲೆ ಖಾರ

ಬೆಂಗಳೂರಿನಲ್ಲಿ ಮಹಿಳಾ ಉದ್ಯಮಿಗಳ ಸಮಾವೇಶವಿತ್ತು. ಶಿವಮೊಗ್ಗದಿಂದ ನಾನೂ ಅಪ್ಪೆಮಿಡಿ ಉಪ್ಪಿನಕಾಯಿ ಹೊತ್ತು ಹೊರಟಿದ್ದೆ. ಸಾಲ ಮಾಡಿ ಮಿಡಿ ಕೊಂಡಿದ್ದ ಆತಂಕ ಬೇರೆ! ವಾರ ಮೊದಲೇ, ಬರಲಿದ್ದ ಮೂವತ್ತು ಜನರಿಗೂ ವಾಟ್ಸಾಪಿನಲ್ಲಿ ದರಪಟ್ಟಿ ಕಳಿಸಿದೆ. ಒಬ್ಬರೂ ಉತ್ತರಿಸಲಿಲ್ಲ.

"ಮಿಡಿ ಉಪ್ಪಲ್ಲಿ ಮುರುಟೋ ಮುಂಚೆನೇ ಖಾರ ಹಾಕ್ತಾರೇನೆ?" ಎಂದರು ಅತ್ತೆ. ನಾಚಿಕೆಯಾಯಿತು.

ಈ ಸಲ ಇಬ್ಬರಿಗೇ ಬರೆದೆ, ಅವರ ಕೆಲಸ ವಿಚಾರಿಸಿಕೊಂಡು. 'ದರಪಟ್ಟಿ ಕಳಿಸಿದ್ದಕ್ಕೆ ಕ್ಷಮಿಸಿ. ನಿಮ್ಮ ಉಪ್ಪಿನಕಾಯಿ ಬಾಟಲಿ ಸೋರೋದಿಲ್ಲವಂತೆ. ಅಲ್ಲಿ ಸಿಕ್ಕಾಗ ಐದು ನಿಮಿಷ ಕೇಳಿ ತಿಳಿಯಲೇ? ಬಿಡುವಿಲ್ಲದಿದ್ದರೆ ಬೇಸರವಿಲ್ಲ.'

ಒಬ್ಬಾಕೆ, "ಖಂಡಿತ ಬನ್ನಿ" ಎಂದರು. ಮುಚ್ಚಳದ ಗುಟ್ಟು ಹೇಳಿಕೊಟ್ಟು, "ನಿಮ್ಮದು ರುಚಿ ನೋಡೋಣ" ಎಂದು ತಾವೇ ಕೇಳಿದರು. ಇನ್ನೊಬ್ಬರು ಸುಮ್ಮನಿದ್ದರು, ನಾನೂ ಮತ್ತೆ ನೆನಪಿಸಲಿಲ್ಲ.

ನೀವೂ ಹೊರಟಿದ್ದೀರಾ? ಮೊದಲ ಮಾತಿನಲ್ಲಿ ಮಾರಬೇಡಿ, ಪರಿಚಯವಷ್ಟೇ ಮಾಡಿಕೊಳ್ಳಿ.