ಅಜ್ಜಿಯ ಲೆಕ್ಕದಿಂದ ಮುಂಗಡ

ಮೊನ್ನೆ ಮೊಮ್ಮಗಳು ಕೀಬೋರ್ಡ್ ನುಡಿಸುತ್ತಿದ್ದಳು. "ಯಾವ ರಾಗ ಪುಟ್ಟಿ?" ಎಂದೆ.

"ರಾಗ ಅಲ್ಲ ತಾತ, ಜಾಜ್. ನಾನೇ ಕಟ್ಟಿದ್ದು. ಇನ್ನೂ ಅರ್ಧ ಆಗಿದೆ."

"ಮೊದಲು ಲೆಕ್ಕ ಮಾಡು ಹೋಗು" ಎಂದುಬಿಟ್ಟೆ. ಬ್ಯಾಂಕಿನಲ್ಲಿ ಲೆಡ್ಜರ್ ಬರೆದೇ ತಲೆ ನರೆತವನ ಬಾಯಲ್ಲಿ ಬೇರೇನು ಬಂದೀತು! ಅವಳು ಸಪ್ಪೆ ಮೋರೆ ಮಾಡಿಕೊಂಡು ಎದ್ದುಹೋದಳು.

ಸಂಜೆ ಅರಮನೆಯ ಕಡೆ ವಾಕಿಂಗ್ ಹೋದಾಗ ಜಯಚಾಮರಾಜ ಒಡೆಯರು ನೆನಪಾದರು. ಮಕ್ಕಳೇ, ಅವರಿಗೆ ಪಿಯಾನೋ ಎಂದರೆ ಪ್ರಾಣ. ರಷ್ಯಾದ ನಿಕೊಲಾಯ್ ಮೆಡ್ಟ್ನರ್ ಎಂಬ ಸಂಗೀತಗಾರರು ಲಂಡನ್ನಿನಲ್ಲಿ ಮುಪ್ಪು, ಕಾಯಿಲೆಗಳಿಂದ ಬಳಲುತ್ತಿದ್ದರು. ನಮ್ಮ ಮಹಾರಾಜರು ಹಣ ಕೊಟ್ಟು, ಅವರ ಕೃತಿಗಳನ್ನು ಅವರಿಂದಲೇ ನುಡಿಸಿ ರೆಕಾರ್ಡ್ ಮಾಡಿಸಿದರು. ಮೆಡ್ಟ್ನರ್ ತಮ್ಮ ಮೂರನೆಯ ಪಿಯಾನೋ ಕಾನ್ಸರ್ಟೊವನ್ನು ಮೈಸೂರು ಮಹಾರಾಜರಿಗೆ ಅರ್ಪಿಸಿದರು. 1951ರಲ್ಲಿ ಅವರು ತೀರಿಕೊಂಡರು. ಅವರ ನಾದ ಉಳಿಯಿತು.

ಹೊರದೇಶಗಳಲ್ಲಿ, ತೀರಿಕೊಂಡವರ ನೆನಪಿಗೆ ನಿಧಿ ಇಟ್ಟು, ಹೊಸ ಜಾಜ್ ಕೃತಿ ಕಟ್ಟಲೆಂದೇ ಎಳೆಯರಿಗೆ ಹಣ ಕೊಡುವುದುಂಟು. ಅದು ಗೆದ್ದ ಮೇಲೆ ಕೊಡುವ ಬಹುಮಾನವಲ್ಲ. 'ನೀನು ಮಾಡಬಲ್ಲೆ' ಎಂದು ನಂಬಿ ಕೊಡುವ ಮುಂಗಡ.

ನನ್ನಾಕೆ ಮಗನಿಗೆಂದು ತಾನೇ ಒಂದು ಜೋಗುಳ ಕಟ್ಟಿ ಹಾಡುತ್ತಿದ್ದಳು. ಅದನ್ನು ಬರೆದಿಡು ಎಂದು ನಾನು ಒಮ್ಮೆಯೂ ಹೇಳಲಿಲ್ಲ. ಅವಳೊಡನೆ ಅದೂ ಹೋಯಿತು.

ಮನೆಗೆ ಬಂದವನೇ ಒಂದು ಕವರಿನ ಮೇಲೆ ಅವಳ ಹೆಸರು ಬರೆದು, ನೂರು ರೂಪಾಯಿ ಇಟ್ಟು ಮೊಮ್ಮಗಳ ಕೈಗೆ ಕೊಟ್ಟೆ. "ಅಜ್ಜಿಯ ಲೆಕ್ಕದಿಂದ ಮುಂಗಡ. ಉಳಿದರ್ಧ ಮುಗಿಸು. ಬರೆದಿಡುವುದನ್ನು ಮಾತ್ರ ಮರೆಯಬೇಡ."

"ಮತ್ತೆ ಲೆಕ್ಕ, ತಾತ?"

"ಅದನ್ನು ಆಮೇಲೆ ಇಬ್ಬರೂ ಕೂತು ಮಾಡೋಣ."