ಟೀ ಅಂಗಡಿಯ ಗುಸುಗುಸು

ತರಮಣಿಯ ನಮ್ಮ ಆಫೀಸಿನೆದುರಿನ ಟೀ ಅಂಗಡಿಯಲ್ಲಿ ಮೂರು ವಾರದಿಂದ ಒಂದೇ ಸುದ್ದಿ. ನಮ್ಮ ಕಂಪನಿ ಸದ್ದಿಲ್ಲದೆ ರಿಸ್ಕ್-ಫೈವ್ ಪ್ರೊಸೆಸರ್ ಮಾಡುತ್ತಿದೆಯಂತೆ. ಬರೀ ಅಂತೆ. ಮ್ಯಾನೇಜರನ್ನು ಕೇಳಿದರೆ ನಗುತ್ತಾರೆ. ಆ ನಗು ಹೌದೋ ಅಲ್ಲವೋ ತಿಳಿಯುವುದಿಲ್ಲ.

ನಾನು 14 ವರ್ಷದಿಂದ ಆರ್ಮ್ ಚಿಪ್‌ಗಳ ತಪ್ಪು ಹುಡುಕಿಯೇ ಅನ್ನ ತಿಂದವನು. ವಯಸ್ಸು 43. ವೇಳಚೇರಿಯ ಮನೆಸಾಲ ಇನ್ನೂ ತೀರಿಲ್ಲ. ಮೊನ್ನೆ ಸೇರಿದ ಹುಡುಗನೊಬ್ಬ ಕಾಲೇಜಿನಲ್ಲೇ ರಿಸ್ಕ್-ಫೈವ್ ಪ್ರಾಜೆಕ್ಟ್ ಮುಗಿಸಿ ಬಂದಿದ್ದಾನೆ. ಅವನು ಅದನ್ನು ಹೇಳಿದ ದಿನ ನನಗೆ ಟೀ ರುಚಿಸಲಿಲ್ಲ.

ಪ್ರೊಸೆಸರ್‌ಗೆ ತಿಳಿಯುವ ಆಜ್ಞೆಗಳೇ ಅದರ ಭಾಷೆ. ಇಂಟೆಲ್‌ನ ಭಾಷೆ 1978ರ 8086ರಿಂದ ಬೆಳೆದು ಬಂದದ್ದು. ಆರ್ಮ್‌ನದ್ದಕ್ಕೆ ಲೈಸೆನ್ಸ್ ಹಣ ಕಟ್ಟಬೇಕು. 2010ರಲ್ಲಿ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ ರಿಸ್ಕ್-ಫೈವ್‌ಗೆ ಆ ಹಂಗಿಲ್ಲ. ಹಾಗಂತ ಚಿಪ್ ಬಿಟ್ಟಿ ಸಿಗುವುದಿಲ್ಲ ಅನ್ನಿ. ವಿನ್ಯಾಸ, ಪರೀಕ್ಷೆ, ಫ್ಯಾಬ್ ಎಲ್ಲಕ್ಕೂ ದುಡ್ಡು ಸುರಿಯಲೇಬೇಕು.

ಗಾಳಿಸುದ್ದಿ ಎಂದು ತಳ್ಳಿಹಾಕೋಣವೆಂದರೆ ಪಕ್ಕದಲ್ಲೇ ಐಐಟಿ ಮದ್ರಾಸ್ ಇದೆ. ಪ್ರೊ. ಕಾಮಕೋಟಿಯವರ ತಂಡದ 'ಶಕ್ತಿ' ಇದೇ ಭಾಷೆಯದ್ದು. 2018ರಲ್ಲಿ ಅವರ ಒಂದು ಚಿಪ್ಪನ್ನು ಇಂಟೆಲ್ ತನ್ನ ಅಮೆರಿಕದ ಫ್ಯಾಬ್‌ನಲ್ಲಿ 22 ನ್ಯಾನೋಮೀಟರ್‌ನಲ್ಲಿ ಮಾಡಿಕೊಟ್ಟಿತು. 2025ರಲ್ಲಿ ಇಸ್ರೋ ಜೊತೆಗೂಡಿ 'ಐರಿಸ್' ಬಂತು. ಅದು 180 ನ್ಯಾನೋಮೀಟರ್, ಮೊಬೈಲ್ ಲೆಕ್ಕದಲ್ಲಿ ಅಜ್ಜನ ಕಾಲದ್ದು, ಆದರೆ ರಾಕೆಟ್‌ಗೆ ಬೇಕಾದದ್ದು ಭರವಸೆ. ಅದರ ಪ್ಯಾಕೇಜಿಂಗ್ ನಮ್ಮ ಕರ್ನಾಟಕದಲ್ಲಿ, ಬೋರ್ಡ್ ಜೋಡಣೆ ಚೆನ್ನೈಯಲ್ಲಿ ಎಂದು ಓದಿದಾಗ ನನ್ನದೇ ಬಯೋಡೇಟಾ ಓದಿದಂತಾಯಿತು.

ಭಾನುವಾರ ಫೋನಿನಲ್ಲಿ ಅಮ್ಮ, "ಕೆಲಸಕ್ಕೇನೂ ತೊಂದ್ರೆ ಇಲ್ವಲ್ಲ ಮಗಾ?" ಅಂದರು. ಇಲ್ಲ ಅಂದೆ. ಪೂರ್ತಿ ಸುಳ್ಳೇನಲ್ಲ. ಪೈಪ್‌ಲೈನ್, ಕ್ಯಾಶ್, ಅವುಗಳಲ್ಲಿ ಅಡಗುವ ತಪ್ಪುಗಳು ಯಾವ ಭಾಷೆಯಾದರೂ ಬಹುಪಾಲು ಅವೇ. ಈ ಊರಿಗೆ ಬಂದ ಹೊಸತರಲ್ಲಿ ಆಟೋದವರ ಹತ್ತಿರ ಕೈಸನ್ನೆಯಲ್ಲೇ ಚೌಕಾಸಿ ಮಾಡುತ್ತಿದ್ದವನು ಈಗ ನೀರಿನ ಲಾರಿಯವನ ಜೊತೆ ತಮಿಳಿನಲ್ಲೇ ಜಗಳವಾಡುತ್ತೇನೆ. ಆಗ ನನಗೆ 29 ಎಂಬುದನ್ನು ಮಾತ್ರ ಮರೆಯುವಂತಿಲ್ಲ.

ಅಂದು ರಾತ್ರಿ ಎಲ್ಲರೂ ಮಲಗಿದ ಮೇಲೆ ರಿಸ್ಕ್-ಫೈವ್ ಕೈಪಿಡಿ ಇಳಿಸಿಕೊಂಡೆ. ನಾಳೆ ಟೀ ನನ್ನ ಲೆಕ್ಕದಲ್ಲಿ ಎಂದು ಆ ಹುಡುಗನಿಗೆ ಮೆಸೇಜ್ ಹಾಕಿದೆ. ಕೇಳಬೇಕಾದ್ದು ನಾಲ್ಕು ಪ್ರಶ್ನೆ ಬರೆದಿಟ್ಟುಕೊಂಡಿದ್ದೇನೆ.