ಮಕ್ಕಳ ‘ಅಂತೆ’

ಕನ್ನಡದಲ್ಲಿ ‘ಅಂತೆ’ ಎಂಬುದು ಬಹಳ ಚಿಕ್ಕ ಮಾತು. ಅದರ ಸಂಸಾರ ಮಾತ್ರ ದೊಡ್ಡದು. ಕವಿಗೆ ಅದು ಹೋಲಿಕೆಯ ಸಾಧನ. ಜಗಲಿಯಲ್ಲಿ ಕುಳಿತು ಊರ ಸುದ್ದಿ ಹೇಳುವವರಿಗೆ ಅದೊಂದು ರಕ್ಷೆ. ಸುದ್ದಿ ಸುಳ್ಳಾದರೆ ಹೊಣೆ ತಮ್ಮದಲ್ಲ. ಆದರೆ ಈ ಮಾತನ್ನು ಎಲ್ಲರಿಗಿಂತ ಧೈರ್ಯವಾಗಿ ಬಳಸುವವರು ಐದಾರು ವರ್ಷದ ಮಕ್ಕಳು. “ನಾನು ಅಮ್ಮ ಅಂತೆ, ನೀನು ಪಾಪು ಅಂತೆ” ಎಂದು ಒಂದು ಮಗು ಹೇಳಿ ಮುಗಿಸುವಷ್ಟರಲ್ಲಿ ಹೊಸದೊಂದು ಲೋಕ ಹುಟ್ಟಿ, ಅದರ ಕಟ್ಟಳೆಗಳೂ ಜಾರಿಗೆ ಬಂದಿರುತ್ತವೆ. ಇದನ್ನು ಸುಳ್ಳೆನ್ನಲು ಯಾರಿಗೂ ಮನಸ್ಸು ಬಾರದು. ಸುಳ್ಳಿಗೆ ಮೋಸಹೋಗುವ ಒಬ್ಬನಾದರೂ ಬೇಕು. ಈ ಆಟದಲ್ಲಿ ಅಂಥವನು ಯಾರೂ ಇರುವುದಿಲ್ಲ.

ಚೆನ್ನೈಯ ಅಣ್ಣಾ ನಗರ್‌ನಲ್ಲಿದ್ದ ಒಂದು ಕನ್ನಡ ಮನೆಗೆ ಈ ‘ಅಂತೆ’ಯ ಬಲ ತಿಳಿದುಬಂದದ್ದು 2004ರ ಡಿಸೆಂಬರಿನಲ್ಲಿ. ಆ ಮನೆಯ ಹಿರಿಯರು ಮೈಸೂರು ಕಡೆಯವರು, ನಿವೃತ್ತ ಕನ್ನಡ ಅಧ್ಯಾಪಕರು. ಆರು ವರ್ಷದ ಮೊಮ್ಮಗಳು, ನಾಲ್ಕರ ಮೊಮ್ಮಗ. ಬೀದಿಯಲ್ಲಿ ತಮಿಳು, ಶಾಲೆಯಲ್ಲಿ ಇಂಗ್ಲಿಷು. ಕನ್ನಡಕ್ಕೆ ಉಳಿದಿದ್ದುದು ತಾತನೊಡನೆ ಆಡುವ ಹೊತ್ತು ಮಾತ್ರ. ಓದಿಸಲು ಕೂರಿಸಿದರೆ ಓಡಿಹೋಗುತ್ತಿದ್ದ ಮಕ್ಕಳು ಆಟಕ್ಕೆ ಕೂತರೆ ಗಂಟೆಗಟ್ಟಲೆ ಕನ್ನಡವನ್ನೇ ಆಡುತ್ತಿದ್ದರು. ಆದ್ದರಿಂದ ತಾತನಿಗೆ ಆಟವೇ ಪಾಠಶಾಲೆಯಾಗಿತ್ತು.

ಮಾರ್ಗಳಿಯ ದಿನಗಳು. ಬೆಳಗ್ಗೆ ಬಾಗಿಲ ಮುಂದಿನ ಕೋಲದ ನಡುವೆ ಕುಂಬಳದ ಹೂ. ಸಂಜೆ ಕ್ರೈಸ್ತರ ಮನೆಗಳ ಮುಂದೆ ಕಾಗದದ ನಕ್ಷತ್ರದೀಪ. ಕೆಳಮನೆಯವರು ಕಟ್ಟಿದ್ದ ಗೋದಲಿಯನ್ನು ನೋಡಿಬಂದ ಮಕ್ಕಳಿಗೆ ತಮಗೂ ಒಂದು ಬೇಕೆನಿಸಿತು. ನವರಾತ್ರಿಯ ಬೊಂಬೆಗಳ ಪೆಟ್ಟಿಗೆ ಅಟ್ಟದಿಂದ ಇಳಿಯಿತು. ಪಟ್ಟದ ಬೊಂಬೆಗಳೆರಡು ಮರಿಯ ಮತ್ತು ಜೋಸೆಫರಾದರು. ಅಂಗಡಿಯ ಮುಂದೆ ಕುಳಿತಿದ್ದ ಡೊಳ್ಳುಹೊಟ್ಟೆಯ ಚೆಟ್ಟಿಯಾರರು ಮೂಡಣದ ಜ್ಞಾನಿಗಳಲ್ಲೊಬ್ಬರಾಗಿ ಬಡ್ತಿ ಪಡೆದರು. ಕುರಿ ಮಾತ್ರ ಪೆಟ್ಟಿಗೆಯಲ್ಲಿರಲಿಲ್ಲ; ಅಜ್ಜಿಯಿಂದ ಚಪಾತಿ ಹಿಟ್ಟು ಪಡೆದು ಹುಡುಗ ತಾನೇ ಮಾಡಿದ. ಗೋದಲಿಯ ಹಿಂದೆ ಗೋಪುರವೊಂದಿರಬೇಕೆಂದು ಹುಡುಗಿಯ ಹಟ. ಬೇತ್ಲೆಹೇಮಿನಲ್ಲಿ ಗೋಪುರವಿತ್ತೋ ಇಲ್ಲವೋ, ಅಣ್ಣಾ ನಗರ್‌ನಲ್ಲಂತೂ ಇದೆ. 1968ರ ವಿಶ್ವ ವಾಣಿಜ್ಯ ಮೇಳಕ್ಕಾಗಿ ಉದ್ಯಾನದಲ್ಲಿ ಎದ್ದ ಆ ಗೋಪುರಕ್ಕೆ ಕನ್ನಡಿಗರೇ ಆದ ವಿಶ್ವೇಶ್ವರಯ್ಯನವರ ಹೆಸರು. ಮಕ್ಕಳು ಅದರ ನಕಲನ್ನು ಕಟ್ಟಿದ್ದು ಕಿಟೆಲ್ ನಿಘಂಟಿನಿಂದ. ಮರಿಯಪ್ಪ ಭಟ್ಟರು ಪರಿಷ್ಕರಿಸಿ, ಮದರಾಸು ವಿಶ್ವವಿದ್ಯಾಲಯ ಅದೇ 1968ರಿಂದ 1971ರವರೆಗೆ ಹೊರತಂದ ನಾಲ್ಕು ಸಂಪುಟಗಳು ಒಂದರ ಮೇಲೊಂದು ನಿಂತವು. ಅಧ್ಯಾಪಕರ ಎದೆ ಒಮ್ಮೆ ಧಸಕ್ಕೆಂದರೂ, ಕ್ರಿಸ್ತನ ಕಥೆಯನ್ನು ಕನ್ನಡ ಪದ್ಯಕ್ಕೆ ತಂದ ಪಾದ್ರಿಯ ನಿಘಂಟು ಗೋದಲಿಗೆ ಒದಗಿದ್ದು ಸರಿಯೇ ಎಂದು ಸಮಾಧಾನ ತಂದುಕೊಂಡರು. ಇಟಲಿಯ ಗ್ರೆಚ್ಚೊ ಎಂಬ ಹಳ್ಳಿಯಲ್ಲಿ 1223ರಲ್ಲಿ ಸಂತ ಫ್ರಾನ್ಸಿಸ್ ನಿಜವಾದ ಎತ್ತು, ಕತ್ತೆ, ಹುಲ್ಲುಗಳನ್ನು ತಂದಿರಿಸಿ ಕ್ರಿಸ್ತಜನನದ ರಾತ್ರಿಯನ್ನು ಕಣ್ಣಿಗೆ ಕಟ್ಟಿಸಿದನಲ್ಲ, ಅದೂ ದೊಡ್ಡವರು ಆಡಿದ ‘ಅಂತೆ’ಯೇ.

ಇಪ್ಪತ್ತನಾಲ್ಕರ ಸಂಜೆ ತಾತನಿಗೆ ವೇಷ ಕಟ್ಟಲಾಯಿತು. ತಮಿಳು ಮಕ್ಕಳ ಬಾಯಲ್ಲಿ ಆತ ‘ಕ್ರಿಸ್ಮಸ್ ತಾತ್ತಾ’. ಹೀಗಾಗಿ ಅರ್ಧ ಹೆಸರು ಮೊದಲೇ ಸಿದ್ಧವಿತ್ತು. ಉಳಿದುದಕ್ಕೆ ಅಜ್ಜಿಯ ಕೆಂಪು ಶಾಲು, ಹತ್ತಿಯ ಗಡ್ಡ. ಹುಡುಗ ಅವರನ್ನು ಮೇಲಿಂದ ಕೆಳಗೆ ನೋಡಿ, “ಬಂದಿದಾರೆ, ಕ್ರಿಸ್ಮಸ್ ತಾತ್ತಾ!” ಎಂದು ಕೂಗಿದ, ಮರುಕ್ಷಣವೇ ಹತ್ತಿರ ಬಂದು, “ತಾತಾ, ನಿನ್ನ ಕನ್ನಡಕ ಎಲ್ಲಿ? ಬಿದ್ದುಬಿಡ್ತೀಯ” ಎಂದು ಪಿಸುಗುಟ್ಟಿದ. ಅವನಿಗೆ ಎರಡೂ ನಿಜವಾಗಿದ್ದವು. ಒಂದನ್ನು ಒಪ್ಪಲು ಮತ್ತೊಂದನ್ನು ಅಲ್ಲಗಳೆಯಬೇಕೆಂಬುದು ದೊಡ್ಡವರ ತರ್ಕ.

ಆ ರಾತ್ರಿ ಅಜ್ಜಿ ಒಣಗುತ್ತಿದ್ದ ಹಿಟ್ಟಿನ ಕುರಿಯನ್ನು ಎತ್ತಿ ಬಿಸಾಡಲು ಹೋದಾಗ ಹುಡುಗ ಅತ್ತು ಮನೆ ಎಬ್ಬಿಸಿದ. ಅಧ್ಯಾಪಕರಿಗೆ ಜನ್ನ ನೆನಪಾದ. 1209ರ ‘ಯಶೋಧರ ಚರಿತೆ’ಯಲ್ಲಿ ಯಶೋಧರ ತಾಯಿಯ ಒತ್ತಾಯಕ್ಕೆ ಮಣಿದು ಬಲಿಕೊಟ್ಟದ್ದು ಹಿಟ್ಟಿನ ಹುಂಜವನ್ನು, ಕತ್ತಿ ಬಿದ್ದಾಗ ಅದು ಕೂಗಿತು. ಹಿಟ್ಟನ್ನು ಕಡಿದರೂ ಕೊಲ್ಲುವ ಸಂಕಲ್ಪ ನಿಜವಾದದ್ದು. ಆ ಪಾಪಕ್ಕೆ ತಾಯಿ-ಮಗ ಜನ್ಮಜನ್ಮಾಂತರ ತೊಳಲಿದರು. ಈ ಕಥೆಯನ್ನು ಅವರು ತರಗತಿಯಲ್ಲಿ ಅದೆಷ್ಟು ಸಲ ಪಾಠ ಹೇಳಿದ್ದರೋ! ಅದರ ಮಗ್ಗುಲು ಮಾತ್ರ ಅಂದು ಹೊಳೆಯಿತು. ಆಟದ ಕೊಲೆಗೆ ಪಾಪವುಂಟೆಂದ ಮೇಲೆ ಆಟದ ಕರುಣೆಗೆ ಪುಣ್ಯವಿಲ್ಲವೆ? ಕುರಿ ಉಳಿಯಿತು.

ಇಪ್ಪತ್ತಾರು, ಭಾನುವಾರ. ಸುಮಾತ್ರದ ಬಳಿ ಕಡಲಡಿ ನಡುಗಿ, ಬೆಳಗ್ಗೆ ಒಂಬತ್ತರ ಹೊತ್ತಿಗೆ ನೀರು ಚೆನ್ನೈಯ ದಂಡೆಯನ್ನು ನುಗ್ಗಿತ್ತು. ಅಣ್ಣಾ ನಗರ್ ಒಳನಾಡು. ಅಲ್ಲಿಗೆ ಬಂದದ್ದು ಸುದ್ದಿ ಮಾತ್ರ. ಮರೀನಾದಲ್ಲಿ ಬೆಳಗಿನ ನಡಿಗೆಗೆ ಬಂದವರು, ದಂಡೆಯ ಬೆಸ್ತರ ಕುಟುಂಬಗಳು, ವೇಲಾಂಕಣ್ಣಿಗೆ ಹಬ್ಬಕ್ಕೆಂದು ಹೋದ ಯಾತ್ರಿಕರು, ನಾಗಪಟ್ಟಣದ ಮಕ್ಕಳು. ತಮಿಳುನಾಡೊಂದರಲ್ಲೇ ಸುಮಾರು 8,000 ಮಂದಿ ಸತ್ತರೆಂಬುದು ಆಮೇಲೆ ತಿಳಿದ ಲೆಕ್ಕ. ಟಿ.ವಿ. ಆರಿಸುವ ಮೊದಲೇ ಮಕ್ಕಳು ನೋಡಬಾರದ್ದನ್ನು ನೋಡಿಬಿಟ್ಟಿದ್ದರು. ಹುಡುಗಿ ಅಂದು ಊಟ ಮಾಡಲಿಲ್ಲ, ಏನನ್ನೂ ಕೇಳಲಿಲ್ಲ.

ಮರುದಿನ ಮಧ್ಯಾಹ್ನ ಆಕೆ ಮಂಚದ ನೀಲಿ ಹೊದಿಕೆಯನ್ನು ಎಳೆದು ತಂದು ಗೋದಲಿಯ ಮುಂದೆ ಹಾಸಿದಳು. “ಕಡಲು ಬಂತಂತೆ” ಎಂದಳು. ಅಡಿಗೆಮನೆಯಿಂದ ಅಜ್ಜಿ, “ಬಿಡ್ತು ಅನ್ನು! ಎಂಥ ಆಟವೇ ಇದು?” ಎಂದು ಗದರಿದರು. ತಾತನೂ ತಡೆಯಲೆಂದು ಎದ್ದರು. ಎದ್ದವರು ಅಲ್ಲೇ ನಿಂತರು. ಹುಡುಗಿ ಯಾರನ್ನೂ ಮುಳುಗಿಸುತ್ತಿರಲಿಲ್ಲ. ಹೊದಿಕೆ ಒಂದೊಂದು ಮೊಳ ಮುಂದೆ ಸರಿದಂತೆ ಬೊಂಬೆಗಳನ್ನು ಒಂದೊಂದಾಗಿ ಎತ್ತಿ ನಿಘಂಟಿನ ಗೋಪುರದ ಮೇಲೆ ಇಡುತ್ತಿದ್ದಳು. ಮಗು, ತಾಯಿ, ಜೋಸೆಫ್, ಭಾರವಾದ ಚೆಟ್ಟಿಯಾರರು. ಗೋಪುರದಲ್ಲಿ ಜಾಗ ಮುಗಿಯಿತು.

“ತಾತಾ, ಸುಮ್ನೆ ನಿಂತ್ಕೋಬೇಡ. ನೀನೂ ಗೋಪುರ ಅಂತೆ.”

ಅವರು ನೆಲದ ಮೇಲೆ ಕುಳಿತರು. ಉಳಿದವರೆಲ್ಲ ಅವರ ಮಡಿಲಿಗೆ, ಭುಜಕ್ಕೆ ಬಂದರು. ಕೊನೆಗೆ ಹುಡುಗ, ಬಿರುಕುಬಿಟ್ಟಿದ್ದ ಹಿಟ್ಟಿನ ಕುರಿಯನ್ನು ಎರಡು ಕೈಯಲ್ಲೂ ಹಿಡಿದು ತಂದು ಅವರ ಅಂಗೈಯಲ್ಲಿಟ್ಟ. ಹುಡುಗಿ ಎಲ್ಲರನ್ನೂ ಬೆರಳು ಮಾಡಿ ಎಣಿಸಿ ನಿಟ್ಟುಸಿರುಬಿಟ್ಟಳು.

“ಎಲ್ಲಾರೂ ಬದುಕಿದ್ರಂತೆ” ಎಂದಳು.

ಕನ್ನಡ ವ್ಯಾಕರಣವನ್ನು ಆಯುಷ್ಯವಿಡೀ ಬೋಧಿಸಿದವರಿಗೆ ಇದು ಯಾವ ‘ಅಂತೆ’ ಎಂದು ಹೇಳಲಾಗಲಿಲ್ಲ. “ಹೌದಂತೆ, ಮಗಳೇ” ಎಂದಷ್ಟೇ ಹೇಳಿ, ಮಡಿಲಲ್ಲಿದ್ದವರು ಬೀಳದಂತೆ ಅಲುಗದೆ ಕುಳಿತರು. ಹುಡುಗಿ ಕಡಲನ್ನು ಮಡಚಿ ಮಂಚದ ಮೇಲಿಟ್ಟು, ಅಜ್ಜಿಯ ಬಳಿ ಊಟ ಕೇಳಲು ಹೋದಳು.